ಇಸಾಮುವಿನ ಉಸಿರು

ಅದು ತನ್ನ ಕೊಳಲಲ್ಲ ಎಂದು ತಮಾಕಿಗೆ ಗೊತ್ತಾಗುವಷ್ಟರಲ್ಲಿ ಅವಳು ಅದನ್ನು ಊದಿಯಾಗಿತ್ತು.

ಕಾತ್ಸುಬೆ ಗುರುಗಳು ಶಾಕುಹಾಚಿ ಎಂಬ ಬಿದಿರಿನ ಕೊಳಲು ಕಲಿಸುತ್ತಿದ್ದದ್ದು ತಮ್ಮ ಕ್ಷೌರದಂಗಡಿಯ ಮಾಳಿಗೆಯಲ್ಲಿ. ಕೆಳಗೆ ಅವರ ಹೆಂಡತಿ ಮಿತ್ಸು ಅಮ್ಮ ಗಿರಾಕಿಗಳ ತಲೆ ನೋಡಿಕೊಂಡರೆ, ಮೇಲೆ ಗುರುಗಳು ಶಿಷ್ಯರ ಉಸಿರು ನೋಡಿಕೊಳ್ಳುತ್ತಿದ್ದರು. ಹೊಸದಾಗಿ ಸೇರಿದ್ದ ತಮಾಕಿಗೆ ಅವರು ಅಭ್ಯಾಸಕ್ಕೆಂದು ಒಂದು ಹಳೆಯ ಕೊಳಲು ಕೊಟ್ಟಿದ್ದರು. ಆ ಶನಿವಾರ ಗೂಡಿನಲ್ಲಿ ಎರಡಿದ್ದವು. ಎರಡೂ ಕಂದುಬಣ್ಣದ ದಪ್ಪ ಬಿದಿರು, ಎರಡಕ್ಕೂ ನೀಲಿ ಬಟ್ಟೆ. ವಾರವಿಡೀ ಬರೀ ಗಾಳಿ ಬಂದು ನಾದ ಬಾರದೆ ಸೋತಿದ್ದವಳಿಗೆ ಅವತ್ತು ತುಟಿಯಿಟ್ಟ ಕೂಡಲೇ ನಾದ ಹೊರಟಿತು. ಅಗಲವಾದ, ತುಂಬಿದ ನಾದ. ಅವಳಿಗೇ ಮೈ ಜುಮ್ಮೆಂದಿತು.

"ಚೆನ್ನಾಗಿದೆ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. "ಆದ್ರೆ ಅದು ನಂದು."

ಒದ್ದೆ ತಲೆಯ, ಬಿಸಿಲಿಗೆ ಕಪ್ಪಾದ ಕುತ್ತಿಗೆಯ ಒಬ್ಬ ಗಂಡಸು ಅಲ್ಲಿ ನಿಂತಿದ್ದ. ತಮಾಕಿ ಬೆಂಕಿ ಮುಟ್ಟಿದವಳಂತೆ ಕೊಳಲನ್ನು ಕೆಳಗಿಟ್ಟಳು.

"ಅಯ್ಯೋ, ಕ್ಷಮಿಸಿ. ನನ್ನದು ಅಂದ್ಕೊಂಡೆ."

"ಇನ್ನೊಬ್ಬರ ಕೊಳಲಿಗೆ ಕೇಳದೆ ಬಾಯಿಡಬಾರದು ಅಂತ ಗುರುಗಳು ಹೇಳಿಲ್ವಾ?"

"ಹೇಳಿದಾರೆ. ಮೊದಲನೇ ದಿನವೇ."

"ಮತ್ತೆ?"

"ಊದಿದ ಮೇಲೆ ಅನುಮಾನ ಬಂತು. ನಂದಾಗಿದ್ರೆ ಇಷ್ಟು ಚೆನ್ನಾಗಿ ಕೇಳಿಸ್ತಿರಲಿಲ್ಲ ಅಂತ."

ಅವನು ನಕ್ಕುಬಿಟ್ಟ. ಅವಳು ಬಟ್ಟೆ ತೆಗೆದುಕೊಂಡು ಕೊಳಲಿನ ಬಾಯಿಯನ್ನು ಒರೆಸಿದಳು, ಮತ್ತೆ ಒರೆಸಿದಳು, ಇನ್ನೂ ಒರೆಸುತ್ತಲೇ ಇದ್ದಳು.

"ಸಾಕು ಕೊಡಿ. ಬಿದಿರಿನ ಸಿಪ್ಪೆ ಸುಲೀಬೇಡಿ."

ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಕೊಟ್ಟಳು. ಅವನೂ ಎರಡೂ ಕೈಯಲ್ಲಿ ತೆಗೆದುಕೊಂಡ. ಒಳಗಿನಿಂದ ಗುರುಗಳು ಬಂದವರು ಅವಳನ್ನೊಮ್ಮೆ ನೋಡಿ, "ಜೀವಮಾನವೆಲ್ಲ ಜನರ ಕೆನ್ನೆ ಮೇಲೆ ಕತ್ತಿ ಆಡಿಸಿದೀನಿ, ಇಷ್ಟು ಕೆಂಪು ಕೆನ್ನೆ ಯಾವತ್ತೂ ನೋಡಿಲ್ಲ," ಎಂದರು.

ಅವನ ಹೆಸರು ಇಸಾಮು. ಶಿಂಜಿ ಸರೋವರದಲ್ಲಿ ತಿನ್ನುವ ಚಿಪ್ಪುಮೀನು ಬಾಚುವ ಕೆಲಸ. ಮುಂಜಾನೆ ದೋಣಿ ತೆಗೆದು, ಉದ್ದ ಕೋಲಿಗೆ ಕಟ್ಟಿದ, ಬಾಚಣಿಗೆಯಂಥ ಹಲ್ಲುಗಳ ಬುಟ್ಟಿಯನ್ನು ನೀರಿನ ತಳಕ್ಕೆ ಇಳಿಸಿ, ಮಧ್ಯಾಹ್ನದೊಳಗೆ ಕೆಲಸ ಮುಗಿಸಿ, ಸ್ನಾನ ಮಾಡಿ ಪಾಠಕ್ಕೆ ಬರುತ್ತಿದ್ದ. ತಮಾಕಿ ಮತ್ಸುಯೆ ಕೋಟೆಯ ಹತ್ತಿರದ ಸಿಹಿತಿಂಡಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಗಿನಿಂದ ಸಂಜೆವರೆಗೆ "ಬನ್ನಿ, ಬನ್ನಿ" ಎಂದು ಸಣ್ಣ ದನಿಯಲ್ಲಿ ಗಿರಾಕಿಗಳನ್ನು ಕರೆಯುವುದು, ಬಾಗುವುದು, ಹೂವಿನಾಕಾರದ ಮಿಠಾಯಿಗಳನ್ನು ಕಾಗದದಲ್ಲಿ ಸುತ್ತಿ ಕೊಡುವುದು. ಮನೆಗೆ ಹೋಗುವಾಗ ತನ್ನ ಸ್ವಂತ ದನಿ ಯಾವುದೆಂಬುದೇ ಅವಳಿಗೆ ಮರೆತಿರುತ್ತಿತ್ತು. ಕೊಳಲು ಹಿಡಿದು ಎಲ್ಲ ರಂಧ್ರ ಮುಚ್ಚಿ ಆ ಕೆಳಗಿನ ಸ್ವರವನ್ನು ಉದ್ದಕ್ಕೆ ಊದಿದಾಗ ಮಾತ್ರ, ಇದು ನಾನು, ಇದು ಅಂಗಡಿಯದಲ್ಲ ಎನ್ನಿಸುತ್ತಿತ್ತು.

ಒಮ್ಮೆ ಇಸಾಮುವಿಗೆ ಇದನ್ನು ಹೇಳಿದಳು.

"ನಂದೂ ಅದೇ ಕಥೆ," ಎಂದ ಅವನು. "ನಾನು ದಿನವೆಲ್ಲ ಮಾಡೋದು ಎಳೆಯೋ ಕೆಲಸ. ಹಗ್ಗ ಎಳಿ, ಕೋಲು ಎಳಿ, ಬುಟ್ಟಿ ಎಳಿ. ಇದೊಂದರಲ್ಲಿ ಮಾತ್ರ ಬಿಡಬೇಕು. ಬಿಟ್ಟಷ್ಟೂ ಒಳ್ಳೇದು."

ಗುರುಗಳ ಕೋಣೆಯಲ್ಲಿ ಒಬ್ಬರ ಪಾಠ ನಡೆಯುವಾಗ ಇನ್ನೊಬ್ಬರು ಮಾತಾಡುವಂತಿಲ್ಲ. ಮಂಡಿಯೂರಿ, ಕೊಳಲನ್ನು ಎದುರಿಗೆ ಅಡ್ಡವಾಗಿ ಇಟ್ಟುಕೊಂಡು, ಕೇಳುತ್ತಾ ಕೂರಬೇಕು. ಮುಗಿದ ಮೇಲೆ ಚೆನ್ನಾಗಿತ್ತು ಎಂದು ಹೊಗಳುವಂತೆಯೂ ಇಲ್ಲ, ತಲೆ ಬಾಗಬೇಕು ಅಷ್ಟೆ. ಹಾಗಾಗಿ ಅವರಿಬ್ಬರ ನಡುವೆ ಬೆಳೆದದ್ದೆಲ್ಲ ಮಾತಿಲ್ಲದೆ ಬೆಳೆಯಿತು. ಅವನು ಊದುವಾಗ ಅವಳು ಅವನ ಬೆರಳು ನೋಡುತ್ತಿದ್ದಳು. ಹಗ್ಗ ಉಜ್ಜಿ ಒರಟಾದ ಬೆರಳುಗಳು ರಂಧ್ರದ ಮೇಲೆ ಎಷ್ಟು ಮೆಲ್ಲಗೆ ಇಳಿಯುತ್ತಿದ್ದವು! ಅವಳು ತಪ್ಪು ಊದಿದಾಗ ಅವನು ತುಟಿ ಕಚ್ಚಿಕೊಂಡು ಕಿಟಕಿ ನೋಡುತ್ತಿದ್ದ. ನಗು ತಡೆಯುತ್ತಿದ್ದಾನೆಂದು ಅವಳಿಗೆ ತಿಳಿಯುತ್ತಿತ್ತು. ಮೆಟ್ಟಿಲಿಳಿಯುವಾಗ ಅವನು ಒಂದು ಚೀಲ ಚಿಪ್ಪು ಕೈಗಿಡುತ್ತಿದ್ದ. "ಸಾರಿಗೆ ಹಾಕಿ. ಅಮ್ಮನಿಗೂ ಕೊಡಿ." ಅವಳು ಆಕಾರ ಕೆಟ್ಟು ಮಾರಲಾಗದ ಮಿಠಾಯಿ ತಂದಿರುತ್ತಿದ್ದಳು.

"ಇದೇನಿದು, ಕಪ್ಪೆನಾ?"

"ಚೆರ್ರಿ ಹೂವು."

"ಪಾಪ, ಹೂವಿಗೆ ಏನಾಯ್ತು?"

"ತಿಂದು ಸುಮ್ಮನಿರಿ."

ಇಬ್ಬರು ಕೂಡಿ ಊದುವ ದಿನ ಬಂದಾಗ ಗುರುಗಳು ಹೇಳಿದರು: "ಇಲ್ಲಿ ತಾಳ ಹಾಕೋರು ಯಾರೂ ಇಲ್ಲ. ಅವನು ಉಸಿರು ಎಳ್ಕೊಳ್ಳೋದು ಕೇಳಿಸ್ಕೋ. ಅವನು ಎಳ್ಕೊಂಡಾಗ ನೀನೂ ಎಳ್ಕೋ. ಅಷ್ಟೇ ಗುಟ್ಟು." ತಮಾಕಿ ಕಣ್ಣು ಮುಚ್ಚಿ ಕೇಳಿದಳು. ಆ ಮೇಲೆ ಎಷ್ಟೋ ದಿನ ಅಂಗಡಿಯ ಗದ್ದಲದಲ್ಲೂ ಅವಳಿಗೆ ಅದು ಕೇಳಿಸುತ್ತಿತ್ತು. ಇಸಾಮು ಉಸಿರು ಎಳೆದುಕೊಳ್ಳುವ ಸಣ್ಣ ಸದ್ದು.

ಮುಂದಿನ ಚಳಿಗಾಲದಲ್ಲಿ ಅವನ ಕಿವಿಯ ಕೆಳಗೊಂದು ಗಂಟು ಕಾಣಿಸಿಕೊಂಡಿತು.

"ನೀರಲ್ಲಿ ಹುಡುಕಿದ್ದು ಸಾಲದು ಅಂತ ನನ್ನ ಕುತ್ತಿಗೇಲೂ ಒಂದು ಚಿಪ್ಪು ಬೆಳೆದಿದೆ ನೋಡು," ಎಂದು ಅವನು ದೋಣಿಕಟ್ಟೆಯ ಮೇಲೆ ನಿಂತು ತಮಾಷೆ ಮಾಡಿದ. ಅಷ್ಟರಲ್ಲಾಗಲೇ ಬಹುವಚನ ಬಿಟ್ಟುಹೋಗಿತ್ತು, ಅವನ ಕಡೆಯಿಂದ. ಅವಳು ನಗಲಿಲ್ಲ.

"ಡಾಕ್ಟರ್ ಏನಂದ್ರು?"

"ತೆಗೀಬೇಕಂತೆ. ಬಿಟ್ರೆ ಜೀವಕ್ಕೆ ಕಷ್ಟ." ಎಡಗೆನ್ನೆಯನ್ನು ಬೆರಳಿಂದ ಮುಟ್ಟಿ ತೋರಿಸಿದ. "ಮುಖದ ನರ ಅದರೊಳಗೆ ಹಾದು ಹೋಗಿದೆಯಂತೆ. ಅದೂ ಹೋಗುತ್ತೆ. ಈ ಕಡೆ ತುಟಿ ಇನ್ನು ಮಾತು ಕೇಳಲ್ಲ."

ತಮಾಕಿ ಅವನ ತೋಳು ಹಿಡಿದುಕೊಂಡಳು. ಹಾಗೆ ಹಿಡಿದದ್ದು ಅದೇ ಮೊದಲು.

"ಆಪರೇಷನ್ ಮುಗಿಸಿ ಬರ್ತೀನಿ," ಎಂದ ಅವನು. "ಬಂದ್ಮೇಲೆ ನಿನಗೊಂದು ಮಾತು ಹೇಳೋದಿದೆ."

"ಈಗಲೇ ಹೇಳಿ."

"ಈಗ ಹೇಳಿದ್ರೆ ಕರುಣೆಗೆ ಒಪ್ಪಿದ ಹಾಗಾಗುತ್ತೆ. ಬಂದ್ಮೇಲೆ."

ಆಪರೇಷನ್ ಆಯಿತು, ಜೀವ ಉಳಿಯಿತು. ಆಸ್ಪತ್ರೆಗೆ ಹೋದ ತಮಾಕಿಯನ್ನು ಅವನ ಅಕ್ಕ ಬಾಗಿಲಲ್ಲೇ ತಡೆದಳು. "ಬೇಜಾರು ಮಾಡ್ಕೋಬೇಡಮ್ಮ. ಯಾರನ್ನೂ ನೋಡಲ್ಲ ಅಂತಾನೆ. ಕನ್ನಡಿನೂ ಎತ್ತಿಡಿಸಿದಾನೆ."

ವಸಂತ ಬಂತು, ಮಳೆಗಾಲವೂ ಹೋಯಿತು. ಅವನು ಮತ್ತೆ ದೋಣಿಗೆ ಹೋಗುತ್ತಿದ್ದಾನೆಂದು ಮಿತ್ಸು ಅಮ್ಮನಿಗೆ ಗಿರಾಕಿಗಳಿಂದ ಗೊತ್ತಾಯಿತು. ಮಾಳಿಗೆಗೆ ಮಾತ್ರ ಬರಲಿಲ್ಲ. ಆದರೂ ಗುರುಗಳು ಪ್ರತಿ ಶನಿವಾರ ಅವನು ಕೂರುವ ದಿಂಬನ್ನು ಅವನ ಜಾಗದಲ್ಲಿ ಹಾಕಿಸುತ್ತಿದ್ದರು.

"ಇನ್ನು ಬರ್ತಾರಾ ಗುರುಗಳೇ?" ಎಂದು ತಮಾಕಿ ಕೇಳಿದಳು.

"ಕಲಿಯೋದು ಬಿಡೋನು ಬಂದು ಅಪ್ಪಣೆ ಕೇಳ್ಬೇಕು. ಅದು ಮರ್ಯಾದೆ. ಅವನು ಕೇಳಿಲ್ಲ. ಅಂದ್ರೆ ಬಿಟ್ಟಿಲ್ಲ."

ಶರತ್ಕಾಲದ ಒಂದು ಮಧ್ಯಾಹ್ನ ಅವನು ಕೇಳಲು ಬಂದ.

ಕಪ್ಪು ಕೋಟು ತೊಟ್ಟಿದ್ದ. ಎಡಗಡೆಯ ಕೆನ್ನೆ ಇಳಿಬಿದ್ದಿತ್ತು, ತುಟಿಯ ಆ ತುದಿ ಕೆಳಗೆ ಜಾರಿತ್ತು. ದಿಂಬಿನ ಮೇಲೆ ಕೂರದೆ ಅದರ ಪಕ್ಕದಲ್ಲಿ ಕೂತು, ಹಣೆ ಚಾಪೆಗೆ ತಾಗುವಂತೆ ಬಾಗಿದ.

"ಗುರುಗಳೇ, ಇಷ್ಟು ವರ್ಷ ಕಲಿಸಿದ್ರಿ. ಇನ್ನು ನನ್ನಿಂದ ಆಗಲ್ಲ. ಅಪ್ಪಣೆ ಕೊಡಬೇಕು."

'ಪ'ಕಾರ ಅವನ ಬಾಯಲ್ಲಿ ನಿಲ್ಲದೆ ಗಾಳಿಯಾಗಿ ಹೋಯಿತು. ಗುರುಗಳು ತಾವೂ ಅಷ್ಟೇ ಬಾಗಿ ಅಪ್ಪಣೆ ಕೊಟ್ಟರು. ಆಮೇಲೆ ತಮಾಕಿಯ ಕಡೆ ತಿರುಗಿದರು. "ಹೋಗೋನಿಗೆ ಒಂದು ಊದಿ ಕಳಿಸಬೇಕು. ನೀನು ಊದು."

ಅವಳು ಊದಿದಳು. ನಾದ ನಡುಗಲಿಲ್ಲ. ಬಿದಿರಿನ ತುಂಬ ಅವಳ ಉಸಿರು ಓಡಾಡಿತು, ತೆಳುವಾಯಿತು, ಕಿಟಕಿಯಾಚೆಗೆ ಹೋಗಿ ಮುಗಿಯಿತು. ಅಷ್ಟು ಚೆನ್ನಾಗಿ ಅವಳು ಯಾವತ್ತೂ ಊದಿರಲಿಲ್ಲ. ಇಸಾಮು ತಲೆ ಬಾಗಿ, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.

ತಮಾಕಿ ಕೊಳಲನ್ನು ಒರೆಸದೆ ಹಾಗೇ ಬಿಟ್ಟು ಹಿಂದೆ ಓಡಿದಳು. ದೋಣಿಕಟ್ಟೆಯ ಹತ್ತಿರ ಸಿಕ್ಕಿದ.

"ಬಂದ್ಮೇಲೆ ಒಂದು ಮಾತು ಹೇಳ್ತೀನಿ ಅಂದಿದ್ರಿ."

"ಅದನ್ನ ಹೇಳೋ ಬಾಯಿ ಹೋಯ್ತಲ್ಲ."

"ತಮಾಷೆ ಬೇಡ ಇಸಾಮು ಅವರೇ. ನಾನು ಎಷ್ಟು ದಿನದಿಂದ ಕಾದಿದೀನಿ!"

ಅವನು ಮುಖದ ಒಳ್ಳೆಯ ಭಾಗವನ್ನು ಅವಳ ಕಡೆ ಮಾಡಿ ನಿಂತ. "ಮದುವೆ ಆಗ್ತೀಯಾ ಅಂತ ಕೇಳೋನಿದ್ದೆ."

"ಕೇಳಿ."

"ಇಲ್ಲ."

"ನನಗೆ ನಿಮ್ಮ ಮುಖದ ಚಿಂತೆ ಇಲ್ಲ. ಒಂಚೂರೂ ಇಲ್ಲ."

"ಗೊತ್ತು. ಅದಲ್ಲ." ಅವನು ಬಂದ ದಾರಿಯ ಕಡೆ ಕೈ ತೋರಿಸಿದ. "ಈಗ ನೀನು ಊದಿದೆಯಲ್ಲ. ಆಗ ನನಗೇನಾಯ್ತು ಗೊತ್ತಾ? ಹೊಟ್ಟೆ ಉರೀತು. ನಿನ್ನ ಕೈಯಿಂದ ಕಿತ್ಕೊಂಡು ಮುರಿದು ಹಾಕ್ಬೇಕು ಅನ್ನಿಸ್ತು. ಪ್ರಪಂಚದಲ್ಲಿ ಯಾರ ಮೇಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಅದೂ ನಿನ್ನ ಮೇಲೆ. ನಿನ್ನ ಮೇಲೆ, ತಮಾಕಿ!"

"ಹಾಗಾದ್ರೆ ನಾನು ಬಿಡ್ತೀನಿ. ಇವತ್ತೇ ಬಿಡ್ತೀನಿ. ಮತ್ತೆ ಮುಟ್ಟಲ್ಲ."

"ಬಿಟ್ರೆ, ಬೆಳಿಗ್ಗೆ ಎದ್ದು ನಿನ್ನ ಮುಖ ನೋಡಿದಾಗೆಲ್ಲ ನಾನೇ ಕಿತ್ಕೊಂಡೆ ಅಂತ ಗೊತ್ತಾಗುತ್ತೆ. ಅದನ್ನ ಹೇಗೆ ತಡ್ಕೊಳ್ಳಲಿ?"

"ಮತ್ತೆ ನಾನೇನು ಮಾಡ್ಲಿ ಹೇಳಿ!"

"ಊದು. ನನಗೆ ಕೇಳಿಸದ ಕಡೆ ಊದು."

"ಕಾಯ್ತೀನಿ."

"ಬೇಡ," ಎಂದ ಅವನು. ಅವಳ ಕೆನ್ನೆ ಮೇಲಿನ ನೀರನ್ನು ಹೆಬ್ಬೆರಳಿಂದ ಒರೆಸಿ, ಸೈಕಲ್ ಹತ್ತಿ ಹೋಗಿಬಿಟ್ಟ.

ಅವನು ಬೇಡವೆಂದರೂ ತಮಾಕಿ ಕಾದಳು. ಅಮ್ಮ ಬೈದರು, ಅಂಗಡಿಯ ಗೆಳತಿಯರು ಕೀಟಲೆ ಮಾಡಿ, ಆಮೇಲೆ ಕೀಟಲೆಯನ್ನೂ ಬಿಟ್ಟರು. ದಿನಾ ಬೆಳಿಗ್ಗೆ ಎದ್ದು ಅವಳು ಆ ಒಂದೇ ಕೆಳಗಿನ ಸ್ವರವನ್ನು ಊದುತ್ತಿದ್ದಳು. ದುಃಖವನ್ನು ಹೇಳಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ, ಬಿದಿರಿಗೆ ಅದನ್ನು ಹೇಳುವ ಅಗತ್ಯವೂ ಇರಲಿಲ್ಲ. ಉಸಿರು ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿತ್ತು, ಅಷ್ಟು ಹೊತ್ತು ಎದೆ ಹಗುರಾಗುತ್ತಿತ್ತು. ಗುರುಗಳು ಅವಳಿಗೆ ಕಲಾವಿದೆಯೆಂದು ಹೊಸ ಹೆಸರಿಟ್ಟು, ಚಿಕ್ಕವರಿಗೆ ಪಾಠ ಹೇಳುವ ಕೆಲಸ ಒಪ್ಪಿಸಿದರು. ಕಾಯುವುದನ್ನು ತಾನು ಯಾವಾಗ ನಿಲ್ಲಿಸಿದೆ ಎಂದು ಅವಳಿಗೇ ತಿಳಿಯಲಿಲ್ಲ. ಯೊನಾಗೊ ಊರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಒಬ್ಬರು ತಮ್ಮ ತಾಯಿಗೆಂದು ವಾರವಾರ ಮಿಠಾಯಿ ಕೊಳ್ಳಲು ಬರುತ್ತಿದ್ದರು. ಮೆದು ಮಾತಿನ ಮನುಷ್ಯ. ಒಂದು ದಿನ ಮಿಠಾಯಿ ಬೇಡ, ನಿಮ್ಮನ್ನು ನೋಡಲು ಬಂದೆ ಎಂದರು. ಅವಳು ಯೋಚಿಸಿ ಒಪ್ಪಿದಳು.

ಅದೇ ವರ್ಷ, ಹಿಂದಿನ ವರ್ಷ ತೀರಿಕೊಂಡಿದ್ದ ಗುರುಗಳ ಮೊದಲ ತಿಥಿಗೆ ಶಿಷ್ಯರೆಲ್ಲ ಮಾಳಿಗೆಯಲ್ಲಿ ಸೇರಿದರು. ತಮಾಕಿ ಊದಿ ಕಣ್ಣು ತೆರೆದಾಗ ಬಾಗಿಲ ಬಳಿ ಇಸಾಮು ಮಂಡಿಯೂರಿ ಕೂತಿದ್ದ. ಕೂದಲು ನೀಟಾಗಿ ಕತ್ತರಿಸಿಕೊಂಡಿದ್ದ. ಹೊಸ ಅಂಗಿ, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

ಕಾರ್ಯ ಮುಗಿದ ಮೇಲೆ ಇಬ್ಬರೂ ಹಿತ್ತಿಲಲ್ಲಿ, ಒಣಹಾಕಿದ ಬಿಳಿ ಟವೆಲುಗಳ ನಡುವೆ ನಿಂತರು.

"ಚೆನ್ನಾಗಿತ್ತು," ಎಂದ ಅವನು.

"ಹೊಗಳಬಾರದು. ನಿಯಮ ಮರೆತ್ರಾ?"

"ನಾನೀಗ ಶಿಷ್ಯ ಅಲ್ವಲ್ಲ, ಹೊಗಳಬಹುದು." ಅರ್ಧ ಬಾಯಲ್ಲಿ ನಕ್ಕ. "ದೋಣೀಲಿ ರೇಡಿಯೋ ಇದೆ. ಕೊಳಲು ಬಂದ್ರೆ ಆಫ್ ಮಾಡ್ತಿದ್ದೆ. ವರ್ಷಗಟ್ಟಲೆ ಹಾಗೇ ಮಾಡಿದೆ. ಈ ಚಳಿಗಾಲ ಒಂದಿನ ಆಫ್ ಮಾಡೋದೇ ಮರ್ತುಹೋಯ್ತು. ಪೂರ್ತಿ ಕೇಳಿದ್ಮೇಲೆ ಗೊತ್ತಾಯ್ತು, ಏನೂ ಆಗಿಲ್ಲ ಅಂತ. ಚೆನ್ನಾಗಿದೆ ಅಂತ ಮಾತ್ರ ಅನ್ನಿಸ್ತು. ಇವತ್ತೂ ಅಷ್ಟೇ."

ತಮಾಕಿ ಒಂದು ಟವೆಲಿನ ಅಂಚನ್ನು ಹಿಡಿದುಕೊಂಡಳು. ಅವನು ಇನ್ನೇನೋ ಹೇಳಲು ಬಾಯಿ ತೆರೆಯುವ ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಆಗುವುದಿಲ್ಲ ಎನ್ನಿಸಿತು.

"ಮುಂದಿನ ತಿಂಗಳು ನನ್ನ ಮದುವೆ."

ಗಾಳಿಗೆ ಟವೆಲುಗಳು ಅಲ್ಲಾಡಿದವು. ಅವನು ತಲೆ ಆಡಿಸಿದ, ಒಮ್ಮೆ, ಮತ್ತೊಮ್ಮೆ.

"ಒಳ್ಳೇ ಮನುಷ್ಯನಾ?"

"ಹೌದು."

"ಕೊಳಲು ಇಷ್ಟನಾ ಅವರಿಗೆ?"

"ನಾನು ಊದೋಕೆ ಶುರು ಮಾಡಿದ್ರೆ ಕೂತಲ್ಲೇ ನಿದ್ದೆ ಹೋಗ್ತಾರೆ."

ಇಸಾಮು ಗಟ್ಟಿಯಾಗಿ ನಕ್ಕ. ಅವಳೂ ನಕ್ಕಳು. ನಗು ನಿಂತ ಮೇಲೆ ಅವನು ಮೆಲ್ಲಗೆ, "ಅದೃಷ್ಟವಂತ," ಎಂದ.

"ನೀವು ಏನೋ ಹೇಳೋಕೆ ಬಂದ ಹಾಗಿತ್ತು."

"ಗುರುಗಳಿಗೆ ಕೈ ಮುಗಿಯೋಕೆ ಬಂದೆ," ಎಂದು ಅವನು ಬಾಗಿದ. "ಸುಖವಾಗಿರು ತಮಾಕಿ."

ಅವನು ಹೋದ ಮೇಲೆ ಅವಳು ಕ್ಷೌರದಂಗಡಿಯೊಳಗೆ ಬಂದಳು. ಅವತ್ತು ಅಂಗಡಿಗೆ ರಜೆ. ಮಿತ್ಸು ಅಮ್ಮ ಒಬ್ಬರೇ ಕತ್ತರಿಗಳನ್ನು ಒರೆಸುತ್ತಿದ್ದರು.

"ಹೇಳಿದ್ನಾ?" ಎಂದು ಕೇಳಿದರು.

"ಏನನ್ನ?"

"ಬೆಳಿಗ್ಗೆನೇ ಬಂದು ಬಾಗಿಲು ತಟ್ಟಿದ ಕಣಮ್ಮ. ಕ್ಷೌರ ಮಾಡಿ, ಗಡ್ಡನೂ ತೆಗೀರಿ ಅಂದ. ಆಪರೇಷನ್ ಆದಾಗಿಂದ ನನ್ನ ಕನ್ನಡಿ ಮುಂದೆ ಕೂತವನಲ್ಲ. ಇವತ್ತು ಕೂತು ಪೂರ್ತಿ ನೋಡ್ಕೊಂಡ. 'ಈ ಮುಖ ಇಟ್ಕೊಂಡು ಒಬ್ಬಳ ಹತ್ರ ಒಂದು ಮಾತು ಕೇಳಬಹುದಾ ಅಮ್ಮ' ಅಂದ. ನಾನು ಕೇಳು ಅಂದೆ..." ತಮಾಕಿಯ ಮುಖ ನೋಡಿ ಅವರ ಮಾತು ನಿಂತಿತು. "ಅಯ್ಯೋ. ನಿನ್ನ ವಿಷಯ ಅವನಿಗೆ ಹೇಳೋದು ನನಗೆ ಹೊಳೀಲೇ ಇಲ್ಲ."

ಗಾಜಿನ ಬಾಗಿಲಾಚೆ ಅವನು ಸೈಕಲ್ ತಳ್ಳಿಕೊಂಡು ಸೇತುವೆಯ ಕಡೆ ನಡೆಯುತ್ತಿದ್ದ. ಕೂಗಿದರೆ ಕೇಳಿಸುವಷ್ಟೇ ದೂರ. ಕೂಗಿದ್ದರೆ ಅವನು ನಿಲ್ಲುತ್ತಿದ್ದ. ಯೊನಾಗೊದ ಮನೆಗೆ ಅವಳು ಬರುವಳೆಂದು ಒಬ್ಬರು ಆ ವಾರವೇ ಕಿಟಕಿಗೆ ಪರದೆ ಕಟ್ಟಿಸಿದ್ದರು. ತಮಾಕಿ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ನಿಂತಳು. ಅವನು ಸೇತುವೆ ದಾಟಿ ಮರೆಯಾಗುವವರೆಗೆ ಹಾಗೇ ನಿಂತಿದ್ದು, ಆಮೇಲೆ ಕೈ ತೆಗೆದಳು.

ಮಿತ್ಸು ಅಮ್ಮ ಅವಳ ಭುಜ ಹಿಡಿದು ಕರೆತಂದು ಕ್ಷೌರದ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ಹಿಂದಕ್ಕೆ ಬಾಗಿಸಿದರು. ಹಬೆಯಾಡುವ ಒಂದು ಟವೆಲನ್ನು ಹಿಂಡಿ ಅವಳ ಮುಖದ ಮೇಲೆ, ಕಣ್ಣಿನಿಂದ ಗಲ್ಲದವರೆಗೂ ಮುಚ್ಚುವಂತೆ ಹಾಸಿದರು.

"ಆರೋವರೆಗೂ ಹೀಗೇ ಇರು," ಎಂದರು. "ಆರಿದ್ರೆ ಇನ್ನೊಂದು ಕೊಡ್ತೀನಿ."