ಆರನೆಯ ಚಿಮಣಿ

"ಆ ಗೋಡೆ ಒಂದನ್ನ ಮುಟ್ಟಬೇಡ, ಮಗಳೇ. ಕೈಮುಗೀತೀನಿ."

ಇಂಗ್ಲೆಂಡಿನ ಸಫೊಕ್ ಸೀಮೆಯ ಆ ಕೆಂಪಿಟ್ಟಿಗೆಯ ಬಂಗಲೆಯನ್ನು ನಲವತ್ತು ವರ್ಷ ಕಾದಿದ್ದ ಮುದುಕಿ ಮೌಡ್ ಹಾಗೆಂದಾಗ, ದುರಸ್ತಿಗೆ ಬಂದಿದ್ದ ವಾಸ್ತುಶಿಲ್ಪಿ ಥಿಯೋಡೋರಾ ನಕ್ಕಳು. ಮಾಡಿನ ಮೇಲೆ ಹೊಗೆ ಹೋಗಲು ಇಟ್ಟಿಗೆಯಲ್ಲಿ ಹಗ್ಗದಂತೆ ಹೊಸೆದ ಆರು ಚಿಮಣಿ. ಒಳಗೆ ಒಲೆ ಐದೇ. ಆರನೆಯ ಒಲೆ ಊಟದ ಕೋಣೆಯ ಗೋಡೆಯ ಹಿಂದೆ ಮುಚ್ಚಿಹೋಗಿತ್ತು.

"ಯಾಕೆ, ಒಳಗೆ ದೆವ್ವ ಕೂತು ಚಹಾ ಕುಡೀತಿದೆಯಾ?"

"ಇಟ್ಟಿಗೆ ಸುಡೋನ ಹೆಂಡ್ತಿ ಇದಾಳೆ. ಮಾಟಗಾತಿ ಅಂತ ಜೀವಂತ ನಿಲ್ಲಿಸಿ ಗೋಡೆ ಕಟ್ಟಿದ್ರು. ಅವಳು ಹೊರಗೆ ಬರದ ಹಾಗೆ ಮಂತ್ರಿಸಿದ ಜಾಡಿ ಇಟ್ಟಿದಾರೆ. ಅದು ಒಡೀಬಾರದು."

ಥಿಯೋಡೋರಾಳ ತಮ್ಮ, ಗಾರೆ ಕೆಲಸದ ಆಲ್ವಿನ್, ಅಷ್ಟರಲ್ಲಿ ಸುತ್ತಿಗೆ ಬೀಸಿದ್ದ.

ಇಟ್ಟಿಗೆಗಳ ಜೊತೆಗೇ ಮಣ್ಣಿನ ಜಾಡಿಯೊಂದು ಉರುಳಿ ಚೂರಾಯಿತು. ತುಕ್ಕು ಹಿಡಿದ ಸೂಜಿಗಳು, ಕೂದಲ ಉಂಡೆ, ಕೊಳೆತ ಮೂತ್ರದ ಕಮಟು. ಮೌಡ್ ಶಿಲುಬೆಯ ಗುರುತು ಹಾಕಿಕೊಂಡಳು. ಆಲ್ವಿನ್ ಟಾರ್ಚ್ ಹಿಡಿದು ಗೋಡೆಯಲ್ಲಾದ ಕಂಡಿಯೊಳಗೆ ನುಸುಳಿದ.

"ಅಕ್ಕಾ, ಒಳಗೆ ಬೆಚ್ಚಗಿದೆ ಕಣೇ!"

ಜಾಡಿಯ ಚೂರಿಗೆ ಬಗ್ಗಿದ್ದ ಥಿಯೋಡೋರಾ ತಲೆಯೆತ್ತಿದಳು. ಕಂಡಿ ಇರಲಿಲ್ಲ. ಗೋಡೆ ಇಡಿಯಾಗಿ ನಿಂತಿತ್ತು. ಗಾರೆ ಹಸಿಯಾಗಿತ್ತು.

"ಅಕ್ಕಾ... ಉಸಿರು ಕಟ್ತಿದೆ..."

ಸುತ್ತಿಗೆ ಎತ್ತಿ ಹೊಡೆದಳು. ಒಂದು ಇಟ್ಟಿಗೆ ಬಿದ್ದಲ್ಲಿ ಇನ್ನೊಂದು ಬಂದು ಕೂತಿತು. ಉಗುರಿನಿಂದ ಕೆರೆದಳು. ರಕ್ತ ಬಂತು. ಒಳಗಿನ ದನಿ ಕ್ಷೀಣಿಸಿತು.

"ಏನಾದ್ರೂ ಹೇಳಿ! ಏನು ಮಾಡ್ಲಿ?"

"ಬದಲಿಗೆ ಏನಾದ್ರೂ ಕೊಡದೆ ಬಿಡೋಳಲ್ಲ ಅವಳು," ಎನ್ನುತ್ತಲೇ ಮೌಡ್ ಬಾಗಿಲು ದಾಟಿ ಓಡಿದಳು.

ಥಿಯೋಡೋರಾ ಗೋಡೆಗೆ ಹಣೆ ಚಚ್ಚಿಕೊಂಡಳು. "ನನ್ನದು ಏನು ಬೇಕಾದ್ರೂ ತಗೋ! ಅವನನ್ನ ಬಿಡು!"

ಇಟ್ಟಿಗೆಗಳು ಕುಸಿದವು. ಆಲ್ವಿನ್ ಹೊರಗುರುಳಿದ. ಮೈಯೆಲ್ಲ ಮಸಿ, ಕಣ್ಣು ತೆರೆಯಲಾಗದಷ್ಟು ಮಸಿ. ಆದರೆ ಜೀವವಿತ್ತು. ಅವಳು ಅವನ ಹೆಸರು ಕರೆಯಲು ಬಾಯಿ ತೆರೆದಳು. ಉಸಿರು ಬಂತು. ದನಿ ಬರಲಿಲ್ಲ.

"ಆಲ್ವಿನ್! ಕಾಪಾಡೋ!"

ಅವಳದೇ ದನಿ. ಕಂಡಿಯೊಳಗಿಂದ.

"ಅಕ್ಕಾ!" ಅವನು ಕಂಡಿಯತ್ತ ತೆವಳಿದ. ಥಿಯೋಡೋರಾ ಅವನ ಕಾಲು ಹಿಡಿದುಕೊಂಡಳು. ತಲೆಯಾಡಿಸಿದಳು. ಅವನಿಗೆ ಕಾಣಲಿಲ್ಲ.

"ಬಿಡೇ ಮಾಟಗಾತಿ! ಒಳಗೆ ನನ್ನ ಅಕ್ಕ ಇದಾಳೆ!"

ಒದ್ದ. ಅವಳು ಬಿಡಲಿಲ್ಲ. ಮತ್ತೆ ಒದ್ದ. ಬೂಟು ಕಳಚಿ ಅವಳ ಕೈಗೆ ಬಂತು. ಅವನು ಕಂಡಿಯೊಳಗೆ ನುಸುಳಿದ.

ಇಟ್ಟಿಗೆಗಳು ಆಗಲೇ ಕೂಡಿಕೊಂಡಿದ್ದವು. ಗಾರೆ ಹಸಿಯಾಗಿತ್ತು.