ಊದುಗೊಳವೆಯ ಜಗಳ

"ನೀನಾ?! ಇಲ್ಲಿಗೂ ವಕ್ಕರಿಸಿದ್ಯಾ, ಮೊಂಡ!"

ಬಾಯಿ ರೋಗದ ಡಾಕ್ಟರಮ್ಮನ ಕೋಣೆಯ ಹೊರಗೆ ಅವನನ್ನು ಕಂಡದ್ದೇ ತಡ, ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು! ಗಾಜಿನ ಕಾರ್ಖಾನೆಯಲ್ಲಿ ಇಬ್ಬರೂ ಜೋಡಿ. ಕುಲುಮೆಯ ಮುಂದೆ ಕರಗಿದ ಗಾಜನ್ನು ಊದಿ ಉಬ್ಬಿಸಲು ಇಬ್ಬರಿಗೂ ಒಂದೇ ಊದುಗೊಳವೆ. ಅವಳ ಉಸಿರು ಸೋತರೆ ಅವನು ಊದಬೇಕು, ಅವನದು ಸೋತರೆ ಅವಳು. ಅಂಥವನು ಹೋದ ವಾರ ಎಲ್ಲರೆದುರು ಕೊಳವೆ ಕಿತ್ತುಕೊಂಡು, "ಇನ್ಮೇಲೆ ಇವಳ ಜೊತೆ ಊದಲ್ಲ!" ಅಂದುಬಿಟ್ಟ.

ಗುಸುಗುಸು ಎದ್ದಿತು. ಇವಳ ಬಾಯಲ್ಲೇ ಏನೋ ಕೊಳಕು ರೋಗವಂತೆ! ಯಜಮಾನರು ಅವಳನ್ನು ಗಾಜು ಸುತ್ತಿಡುವ ಕೋಣೆಗೆ ಅಟ್ಟಿದರು. ಬೆಂಕಿಯ ಕೆಲಸವೇ ಉಸಿರಾಗಿದ್ದವಳು ಅಲ್ಲಿ ಕಾಗದ ಸುತ್ತುತ್ತಾ ಅತ್ತಳು.

ಸಾಲದ್ದಕ್ಕೆ ಈಗ ತುಟಿಯ ಒಳಗೆ ಮೆತ್ತನೆಯ ಗುಳ್ಳೆಗಳು ಬೇರೆ...

'ಹಾಗಾದ್ರೆ ಜನ ಅಂದಿದ್ದೇ ನಿಜಾನಾ?'

"ಏನ್ ಗಲಾಟೆ? ಬನ್ನಿ ಒಳಗೆ, ಒಬ್ಬೊಬ್ಬರಾಗಿ," ಡಾಕ್ಟರಮ್ಮ ಗದರಿದರು.

"ಅವಳೂ ಬರ್ಲಿ ಡಾಕ್ಟ್ರೇ," ಎಂದ ಅವನು. "ನಂದೇನಿದ್ರೂ ಅವಳೂ ಕೇಳ್ಲಿ."

ಡಾಕ್ಟರಮ್ಮ ಅವಳ ತುಟಿ ಎಳೆದು ನೋಡಿದರು. ಎಳೆದರೆ ಗುಳ್ಳೆಗಳು ಚಪ್ಪಟೆಯಾಗುತ್ತಿದ್ದವು.

"ಇವರದ್ದೂ ಹೀಗೇ ಇತ್ತು. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದೆ. ಕ್ಯಾನ್ಸರ್ ಅಲ್ಲ! ಅಪರೂಪದ ಒಂದು ವೈರಸ್. ಎಂಜಲಿಂದ ಅಂಟತ್ತೆ, ಆದ್ರೆ ಪ್ರಾಣಕ್ಕೇನೂ ಭಯ ಇಲ್ಲ. ಹಲ್ಲಿಗೆ ಸಿಗೋ ಗುಳ್ಳೆಗಳನ್ನ ತುಂಬಾ ತಣ್ಣಗಿರೋ ಔಷಧಿ ಮುಟ್ಟಿಸಿ ತೆಗೀತೀನಿ. ಉಳಿದವು ಎಷ್ಟೋ ಸಲ ತಾವಾಗೇ ಹೋಗ್ತವೆ."

ಅವನು ಮುಖ ಮುಚ್ಚಿಕೊಂಡು ಬಿಕ್ಕಿದ.

"ಕ್ಯಾನ್ಸರೇ ಅಂದ್ಕೊಂಡಿದ್ದೆ ಕಣೇ... ಅದೂ ನಿಂಗೆ ಅಂಟತ್ತೇನೋ ಅಂತ ಹೆದರಿ ಕೊಳವೆ ಕಿತ್ಕೊಂಡೆ..."

"ಬಾಯ್ಬಿಟ್ಟು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?!"

"ಹೇಳಿದ್ರೆ ನೀನು ಪಕ್ಕದಲ್ಲೇ ಕೂತು ಅಳ್ತಿದ್ದೆ. ಅದನ್ನ ನೋಡೋ ಶಕ್ತಿ ನಂಗಿರ್ಲಿಲ್ಲ."

ಅವಳ ಎದೆ ಕರಗಿತು. ಸಿಟ್ಟು ಮಾತ್ರ ಕರಗಲಿಲ್ಲ!

"ಮರ್ಯಾದೆ ಕಳೆಯೋದು ಊರವರೆಲ್ಲರ ಮುಂದೆ, ಕ್ಷಮೆ ಕೇಳೋದು ಮಾತ್ರ ಮೂಲೇಲಾ? ನಡಿ ಕಾರ್ಖಾನೆಗೆ!"

ನಡೆದ. ಕುಲುಮೆಯ ಮುಂದೆ, ಯಜಮಾನರೆದುರು, ಎಲ್ಲರಿಗೂ ಕಾಣುವ ಹಾಗೆ ತನ್ನ ಕೆಳತುಟಿ ಮಗುಚಿ ತೋರಿಸಿದ.

"ರೋಗ ಮೊದಲು ಬಂದಿದ್ದು ನನಗೆ. ಇವಳದ್ದೇನೂ ತಪ್ಪಿಲ್ಲ. ಇಬ್ರಿಗೂ ಬೇರೆ ಬೇರೆ ಕೊಳವೆ ಕೊಡಿ, ಇವಳ ಜಾಗ ಇವಳಿಗೆ ಕೊಡಿ. ಇಲ್ದಿದ್ರೆ ನಾಳೆಯಿಂದ ನಾನೂ ಕಾಗದ ಸುತ್ತೋಕೆ ಕೂರ್ತೀನಿ. ಮತ್ತೆ... ಇವಳಂದ್ರೆ ನಂಗೆ ಪ್ರಾಣ!"

ಯಾರೋ ಕೇಕೆ ಹಾಕಿದರು. ಯಜಮಾನರು ಗೊಣಗುತ್ತಲೇ ಎರಡನೇ ಕೊಳವೆ ತರಿಸಿದರು.

ಅವಳು ಸೊಂಟಕ್ಕೆ ಕೈಯಿಟ್ಟು ಅವನ ಮುಂದೆ ನಿಂತಳು. ಕಣ್ಣು ಇನ್ನೂ ಕೆಂಡವೇ, ಆದರೆ ತುಂಬಿ ಬಂದಿತ್ತು.

"ಆ ಕೊನೇ ಮಾತು ಹೇಳು ಅಂತ ನಾನು ಹೇಳಿದ್ನಾ?"

"ಇಲ್ಲ... ಅದು ನಾನಾಗೇ ಹೇಳಿದ್ದು."

"ಇವರ ಕೂಗಾಟದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ," ಅವಳು ಹತ್ತಿರ ಬಂದಳು. "ಇನ್ನೊಂದ್ಸಲ ಹೇಳೋ..."