ನಾಲ್ಕನೇ ಹಂತದ ನೀಲಿ

ನಾಲ್ಕನೇ ಹಂತ ಪೂರ್ತಿ ನೀಲಿಯಾಗಿತ್ತು!

ಅವಳು ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದಳು. ಗುಡ್ಡದ ಮೈಯಲ್ಲಿ ಐದು ಹಂತವಾಗಿ ಇಳಿಯುವ ಹಳೆಯ ತೋಟ ಅದು. ಋತು ಬದಲಾದಾಗಲೆಲ್ಲ ಸಸಿಗಳೂ ಬದಲಾಗುತ್ತವೆ. ನಾಲ್ಕನೇ ಹಂತದಲ್ಲಿ ಮಾತ್ರ ಬಿಳಿ ಹೂವೇ ಅರಳಬೇಕೆಂಬುದು ನೂರು ವರ್ಷದ ನಿಯಮ. ಯಾವ ಹೂವು ಎಲ್ಲಿ ಎಂಬ ನಕ್ಷೆ ಬರೆಯುವವಳು ಅವಳು, ಅದರಂತೆ ನೆಡಿಸುವವನು ತೋಟದ ಮೇಸ್ತ್ರಿ.

ಆ ಮೇಸ್ತ್ರಿಯೋ, ಮೂರು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದ. ಮೊದಲು ಎಷ್ಟು ಹರಟುತ್ತಿದ್ದ! ಆ ಹರಟೆಯಿಲ್ಲದೆ ಅವಳಿಗೆ ದಿನವೇ ಸಾಗುತ್ತಿರಲಿಲ್ಲ. ಏನು ತಪ್ಪು ಮಾಡಿದೆನೋ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಬೇರೆ ಊರಿನ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಕೆಲಸವೂ ಸಿಕ್ಕಿತ್ತು. ಸೇರುತ್ತೇನೋ ಇಲ್ಲವೋ ಎಂದು ಇವತ್ತು ಸಂಜೆಯೊಳಗೆ ತಿಳಿಸಬೇಕು.

ನಕ್ಷೆ ಹಿಡಿದು ದಡದಡನೆ ಮೆಟ್ಟಿಲಿಳಿದಳು. "ಏನ್ರೀ ಇದು ಮೇಸ್ತ್ರಿ?"

ಅವನು ಕೈಯ ಮಣ್ಣು ಒರೆಸಿಕೊಂಡ. "ನಕ್ಷೇಲಿ ನೀಲಿ ಇದೆಯಲ್ಲ ಮೇಡಂ."

"ಅಯ್ಯೋ ದೇವರೇ! ಬಿಳಿ ಕಾಗದದ ಮೇಲೆ ಬಿಳಿ ಪೆನ್ಸಿಲ್ ಕಾಣುತ್ತಾ? ಅದಕ್ಕೇ ಬಿಳಿ ಹೂವಿನ ಜಾಗಕ್ಕೆ ನೀಲಿ ಬಳಿಯೋದು. ಮೂಲೇಲಿ ಬರೆದಿದೀನಿ. ಐದು ವರ್ಷದಿಂದ ಓದ್ತಿದೀರ, ಗೊತ್ತಿಲ್ವಾ?"

"ಗೊತ್ತಿದೆ."

"ಮತ್ತೆ?"

ಅವನು ಹೂವನ್ನು ನೋಡಿದ, ಅವಳನ್ನು ಕದ್ದು ನೋಡಿದ. ಕಿವಿ ಕೆಂಪಾಯಿತು. "ತೋಟದ ಸಾಹೇಬರು ಕೇಳಿದ್ರೆ, ನಕ್ಷೆ ಓದೋದ್ರಲ್ಲಿ ನಂದೇ ಎಡವಟ್ಟು ಅಂತೀನಿ."

"ನಾನು ಕೇಳಿದ್ರೆ?"

"ಸಸಿ ನೆಡೋಕೆ ಮುಂಚೆ ಈ ಕಟ್ಟೆ ಮೇಲೆ ಕೂತು ನೀವೇ ಹೇಳಿದ್ರಿ. ನೀಲಿ ಅಂದ್ರೆ ನಂಗೆ ಪ್ರಾಣ, ಈ ಹಂತಾನ ಒಂದ್ಸಲ ನೀಲಿ ಮಾಡೋ ಧೈರ್ಯ ಯಾರಿಗಿದೆಯೋ ಅವರನ್ನೇ ಮದುವೆಯಾಗ್ತೀನಿ ಅಂತ."

ಹೇಳಿದ್ದು ಹೌದು. ಟೀ ಕುಡಿಯುತ್ತ ನಗೆಯಾಡಿ, ಆಮೇಲೆ ಮರೆತೇಬಿಟ್ಟಿದ್ದಳು. ಈಗ ನಗಬೇಕೋ ಅಳಬೇಕೋ ಬೈಯಬೇಕೋ ಒಂದೂ ತೋಚಲಿಲ್ಲ.

"ಹಾಗಾದ್ರೆ ಮಾತು ಯಾಕೆ ಬಿಟ್ರಿ ಮಹಾರಾಯರೇ?"

"ಮೊಗ್ಗು ಬರೋವರೆಗೂ ಬಿಳೀದೂ ನೀಲೀದೂ ಒಂದೇ ಥರ ಕಾಣುತ್ತೆ. ಸಸಿ ಗುಟ್ಟು ಬಿಟ್ಟುಕೊಡಲ್ಲ. ನಾನು ಬಾಯಿ ತೆಗೆದಿದ್ರೆ ಅವತ್ತೇ ರಟ್ಟಾಗ್ತಿತ್ತು."

"ಅಷ್ಟರಲ್ಲಿ ನಾನು ಊರು ಬಿಟ್ಟು ಹೋಗಿದ್ರೆ?"

ಅವನ ಮುಖ ಪೆಚ್ಚಾಯಿತು. ಅದನ್ನು ಯೋಚಿಸಿಯೇ ಇರಲಿಲ್ಲ, ಪುಣ್ಯಾತ್ಮ!

ಅವಳು ಕಟ್ಟೆಯ ಮೇಲೆ ನಕ್ಷೆ ಹರಡಿ, ಮೂಲೆಯ ಟಿಪ್ಪಣಿ ಹೊಡೆದುಹಾಕಿದಳು. 'ಈ ಸಲ ನೀಲಿ ಎಂದರೆ ನೀಲಿಯೇ' ಎಂದು ಬರೆದು ಸಹಿ ಮಾಡಿದಳು. "ಬೈದ್ರೆ ಇಬ್ಬರಿಗೂ ಬೈಲಿ."

ಆಮೇಲೆ ಫೋನ್ ತೆಗೆದು, ಅವನ ಎದುರಿಗೇ, ಆ ಕೆಲಸಕ್ಕೆ ತಾನು ಬರುವುದಿಲ್ಲ ಎಂದಳು.

ಅವನು ಕಣ್ಣು ಕಣ್ಣು ಬಿಟ್ಟ. "ಯಾವ ಕೆಲಸ ಮೇಡಂ?"

"ಮೊದಲು ಆ ಮೇಡಂ ಅನ್ನೋದು ಬಿಡಿ," ಎಂದು ಅವಳು ಕಟ್ಟೆಯ ಮೇಲೆ ಅವನಿಗೂ ಜಾಗ ಬಿಟ್ಟು ಕೂತಳು. "ಹೇಳ್ತೀನಿ."